ಸ್ಯಾಲಡ್ ಡೇಸ್: ಹಸಿ ವಯಸ್ಸಿನ ಈ ಮಾತನ್ನು ಸರಿಯಾಗಿ ಬಳಸುವುದು ಹೇಗೆ?

ನನ್ನ ಹತ್ತಿರ ಇಂಗ್ಲಿಷ್ ಹೇಳಿಸಿಕೊಳ್ಳಲು ಬರುವ ಹುಡುಗಿಯೊಬ್ಬಳು ಕೆಲಸದ ಅರ್ಜಿಯ ಜೊತೆ ಕಳಿಸೋಕೆ ತನ್ನ ಬಗ್ಗೆ ಒಂದು ಪುಟ ಬರೆದು ತಂದಿದ್ದಳು. ಚೆನ್ನಾಗಿಯೇ ಬರೆದಿದ್ದಳು. ಮೂರನೇ ಸಾಲಿಗೆ ಬಂದಾಗ ಮಾತ್ರ ನನ್ನ ಪೆನ್ನು ನಿಂತಿತು. "ಐ ಯಾಮ್ ಟ್ವೆಂಟಿ ಟೂ ಅಂಡ್ ಐ ಯಾಮ್ ಇನ್ ಮೈ ಸ್ಯಾಲಡ್ ಡೇಸ್."

"ಇದರ ಅರ್ಥ ಏನಮ್ಮ?" ಅಂತ ಕೇಳಿದೆ.

"ಯೌವನ ಅಂತ ಮೇಡಂ. ನೋಟ್ಸಲ್ಲಿ ಹಾಗೇ ಇದೆ."

ಬ್ಯಾಗಿನಿಂದ ನೋಟ್ಸ್ ತೆಗೆದು ತೋರಿಸಿದಳು. ಯಾವುದೋ ಕೋಚಿಂಗ್ ಸೆಂಟರಿನ ಜೆರಾಕ್ಸ್ ಹಾಳೆ. ಎಡಗಡೆ ನುಡಿಗಟ್ಟು, ಬಲಗಡೆ ಒಂದೊಂದೇ ಪದದಲ್ಲಿ ಅರ್ಥ. ಸ್ಯಾಲಡ್ ಡೇಸ್ ಎದುರಿಗೆ "ಯೌವನ" ಅಂತಿತ್ತು, ಅಷ್ಟೇ. ಅದನ್ನು ನಂಬಿ ಆ ಹುಡುಗಿ ಕೆಲಸ ಕೊಡುವವರಿಗೆ ಏನು ಹೇಳಲು ಹೊರಟಿದ್ದಳು ಗೊತ್ತಾ? "ನನಗೆ ಇಪ್ಪತ್ತೆರಡು, ನನಗಿನ್ನೂ ಬುದ್ಧಿ ಬಲಿತಿಲ್ಲ" ಅಂತ.

ತಪ್ಪು ಅವಳದ್ದಲ್ಲ. ನುಡಿಗಟ್ಟುಗಳನ್ನು ಹೀಗೆ ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದು ನನಗೆ ನಿಜಕ್ಕೂ ಬೇಜಾರು ತರುವ ವಿಷಯ. ಅವತ್ತು ಅವಳಿಗೆ ಒಂದೂವರೆ ಗಂಟೆ ಕೂತು ಹೇಳಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಕಾದಂಬರಿ ಓದುವಾಗ, ಇಂಗ್ಲಿಷ್ ಸರಣಿ ನೋಡುವಾಗ, ಅನುವಾದ ಮಾಡುವಾಗ ಈ ಮಾತು ನಿಮಗೂ ಎದುರಾಗುತ್ತದೆ.

ಹಂತ 1: ಮಾತು ಹುಟ್ಟಿದ ಜಾಗಕ್ಕೆ ಹೋಗಿ

ನುಡಿಗಟ್ಟು ಯಾವ ಸಂದರ್ಭದಲ್ಲಿ, ಯಾರ ಬಾಯಿಂದ ಬಂತು ಅಂತ ತಿಳಿದರೆ ಅರ್ಥ ಮರೆಯುವುದಿಲ್ಲ. ಬಹಳಷ್ಟು ನುಡಿಗಟ್ಟುಗಳಿಗೆ ಇಂಥ ಜಾಗ ಸಿಗುವುದಿಲ್ಲ. ಇದಕ್ಕೆ ಸಿಗುತ್ತದೆ. ಷೇಕ್ಸ್‌ಪಿಯರ್ 1606-07ರ ಸುಮಾರಿಗೆ ಬರೆದ "ಆಂಟನಿ ಅಂಡ್ ಕ್ಲಿಯೋಪಾತ್ರ" ನಾಟಕದ ಮೊದಲ ಅಂಕ, ಐದನೇ ದೃಶ್ಯ. ಅಚ್ಚಾಗಿದ್ದು ಅವನು ಸತ್ತ ಏಳು ವರ್ಷಕ್ಕೆ, 1623ರಲ್ಲಿ.

ದೃಶ್ಯ ನಡೆಯುವುದು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. ರಾಣಿಯ ಪ್ರಿಯಕರ, ರೋಮಿನ ಸೇನಾನಿ ಆಂಟನಿ ರೋಮಿಗೆ ಹೋಗಿದ್ದಾನೆ. ರಾಣಿ ಕ್ಲಿಯೋಪಾತ್ರಳಿಗೆ ಹೊತ್ತು ಹೋಗುತ್ತಿಲ್ಲ. ಅವನೀಗ ನಿಂತಿರಬಹುದಾ, ಕೂತಿರಬಹುದಾ, ಕುದುರೆ ಮೇಲಿರಬಹುದಾ ಅಂತೆಲ್ಲ ಯೋಚಿಸುತ್ತಿದ್ದಾಳೆ. ಆಂಟನಿಯನ್ನು ಹೊಗಳುತ್ತಾ "ನಾನು ಸೀಸರನನ್ನು ಯಾವತ್ತಾದರೂ ಹೀಗೆ ಪ್ರೀತಿಸಿದ್ದೆನಾ?" ಅಂತ ಗೆಳತಿ ಚಾರ್ಮಿಯನ್‌ಳನ್ನು ಕೇಳುತ್ತಾಳೆ. ಚಾರ್ಮಿಯನ್ ಕೀಟಲೆಯವಳು. ಹಿಂದೆ ರಾಣಿ ತನ್ನ ಆಗಿನ ಪ್ರಿಯಕರ ಜೂಲಿಯಸ್ ಸೀಸರನನ್ನು ಹೇಗೆ ಹೊಗಳುತ್ತಿದ್ದಳೋ ಅದೇ ಧಾಟಿಯಲ್ಲಿ "ಆಹಾ, ಆ ವೀರ ಸೀಸರ್!" ಅನ್ನುತ್ತಾಳೆ. ರಾಣಿಗೆ ಸಿಟ್ಟು ಬರುತ್ತದೆ. ಇನ್ನೊಂದು ಸಲ ಹಾಗಂದರೆ ಹಲ್ಲಿಂದ ರಕ್ತ ಬರಿಸ್ತೀನಿ ಅಂತ ಗದರುತ್ತಾಳೆ. "ತಪ್ಪಾಯಿತು ಮಹಾರಾಣಿ, ನೀವು ಹಾಡಿದ್ದನ್ನೇ ನಾನೂ ಹಾಡಿದೆ" ಅನ್ನುತ್ತಾಳೆ ಚಾರ್ಮಿಯನ್.

ರಾಣಿ ಸಿಕ್ಕಿಬಿದ್ದಳು, ಅಲ್ವಾ? ತಾನೇ ಆಡಿದ ಹಳೆಯ ಮಾತು ಎದುರಿಗೆ ಬಂದು ನಿಂತಿದೆ. ಆಗ ಅವಳು ಹೇಳುವ ಸಾಲು ಇದು: "ಮೈ ಸ್ಯಾಲಡ್ ಡೇಸ್, ವೆನ್ ಐ ವಾಸ್ ಗ್ರೀನ್ ಇನ್ ಜಡ್ಜ್‌ಮೆಂಟ್, ಕೋಲ್ಡ್ ಇನ್ ಬ್ಲಡ್." ಅದೆಲ್ಲ ನನ್ನ ಹಸಿ ದಿನಗಳ ಮಾತು ಕಣೇ. ಆಗ ಬುದ್ಧಿ ಎಳಸಾಗಿತ್ತು, ರಕ್ತ ತಣ್ಣಗಿತ್ತು.

ಈ ಸಂದರ್ಭವನ್ನು ಮನಸ್ಸಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ. ಮಾತಾಡುತ್ತಿರುವವಳು ಆ ವಯಸ್ಸನ್ನು ದಾಟಿ ಬಂದಿದ್ದಾಳೆ. ತನ್ನ ಬಗ್ಗೆಯೇ ಹೇಳಿಕೊಳ್ಳುತ್ತಿದ್ದಾಳೆ. ಹಿಂದೆ ಮಾಡಿದ ಒಂದು ಎಡವಟ್ಟಿಗೆ ವಯಸ್ಸನ್ನು ಕಾರಣ ಕೊಡುತ್ತಿದ್ದಾಳೆ. ಮುಂದಿನ ನಿಯಮಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಹಂತ 2: ಸೊಪ್ಪಿಗೂ ವಯಸ್ಸಿಗೂ ಏನು ಸಂಬಂಧ ಅಂತ ನೋಡಿ

ನಮಗೆ ಸಲಾಡ್ ಅಂದರೆ ಹೋಟೆಲಿನಲ್ಲಿ ಊಟದ ಜೊತೆ ಬರುವ ಸೌತೆಕಾಯಿ, ಈರುಳ್ಳಿ, ಟೊಮೆಟೊ ಹೋಳು. ಷೇಕ್ಸ್‌ಪಿಯರನ ಕಾಲದ ಸಲಾಡಿನಲ್ಲಿ ಮುಖ್ಯವಾಗಿ ಇರುತ್ತಿದ್ದುದು ಸೊಪ್ಪು. ಎಳೆ ಎಲೆ, ಕೆಲವೊಮ್ಮೆ ಹೂವಿನ ಎಸಳು, ಮೇಲೆ ಎಣ್ಣೆ, ವಿನೆಗರ್, ಉಪ್ಪು. ಒಲೆಯ ಬಿಸಿ ತಾಗದ್ದು.

ಆ ಪದದ ಬೇರು ಲ್ಯಾಟಿನ್ನಿನ "ಸಾಲ್", ಅಂದರೆ ಉಪ್ಪು. ಸಲಾಡ್ ಅಂದರೆ ಉಪ್ಪು ಹಾಕಿದ್ದು ಅಂತ. ಕೋಸಂಬರಿ ಮಾಡುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಹೆಸರುಬೇಳೆ ನೆನೆಸಿ, ನೀರು ಬಸಿದು, ಸೌತೆಕಾಯಿ ಸಣ್ಣಗೆ ಹೆಚ್ಚಿ, ತೆಂಗಿನತುರಿ, ಕೊತ್ತಂಬರಿ ಸೊಪ್ಪು ಸೇರಿಸಿ, ಒಗ್ಗರಣೆಯನ್ನೂ ಕೊಟ್ಟು ಇಟ್ಟಿರುತ್ತೇವೆ. ಉಪ್ಪನ್ನು ಮಾತ್ರ ಎಲೆ ಹಾಕುವ ಹೊತ್ತಿಗೆ ಬೆರೆಸುತ್ತೇವೆ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಂಡು ಬಟ್ಟಲಿನ ತಳದಲ್ಲಿ ಕೆರೆಯಾಗುತ್ತದೆ. ಬೆಳಿಗ್ಗೆ ಕಲಸಿದ ಕೋಸಂಬರಿ ಸಂಜೆಗೆ ಬಾಯಿಗಿಡಲು ಆಗುವುದಿಲ್ಲ. ಹಸಿಯಾದ, ತಣ್ಣಗಿನ, ಬಹಳ ಹೊತ್ತು ಉಳಿಯದ ತಿನಿಸು ಅದು. ಕ್ಲಿಯೋಪಾತ್ರ ತನ್ನ ಹಳೆಯ ದಿನಗಳಿಗೆ ಕೊಟ್ಟ ಹೋಲಿಕೆ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ. ಸೊಪ್ಪು ಹಸಿರು, ಅವಳ ಬುದ್ಧಿಯೂ ಹಸಿರು. ಸೊಪ್ಪು ತಣ್ಣಗೆ, ಅವಳ ರಕ್ತವೂ ತಣ್ಣಗೆ.

ಈ ತಣ್ಣಗಿನ ರಕ್ತದ ಹತ್ತಿರ ನಾವು ಕನ್ನಡದವರು ಎಡವುತ್ತೇವೆ. ನಮ್ಮಲ್ಲಿ ಪ್ರಾಯದ ಹುಡುಗರಿಗೆ "ಬಿಸಿ ರಕ್ತ" ಅನ್ನುತ್ತೇವೆ. "ಬಿಸಿ ರಕ್ತ ನೋಡು, ಹಾಗೇ ಮಾತಾಡ್ತಾನೆ" ಅಂತ ಹಿರಿಯರು ಸಮಾಧಾನ ಹೇಳುತ್ತಾರೆ. ಕ್ಲಿಯೋಪಾತ್ರ ಹೇಳುತ್ತಿರುವುದು ಬೇರೆ. ಸೀಸರನ ಜೊತೆಗಿದ್ದಾಗ ತನಗೆ ಪ್ರೀತಿಯ ಕಾವು ಏನಂತಲೇ ಗೊತ್ತಿರಲಿಲ್ಲ, ಆ ಕಾವು ಈಗ ಆಂಟನಿಯ ಜೊತೆ ಬಂದಿದೆ ಅಂತ. ಹಾಗಾಗಿ ಸ್ಯಾಲಡ್ ಡೇಸ್ ಅಂದರೆ ಹುಮ್ಮಸ್ಸಿನ, ಹುಚ್ಚು ಸಾಹಸದ ದಿನಗಳು ಅಂತ ತಿಳಿದರೆ ಮೂಲ ಅರ್ಥದಿಂದ ದೂರ ಹೋಗುತ್ತೀರಿ. ಅದರ ಒಳಗಿರುವುದು ಅರಿಯದ ಎಳೆತನ.

"ಗ್ರೀನ್" ಪದದ ವಿಷಯದಲ್ಲಿ ನಾವು ಅದೃಷ್ಟವಂತರು. ಇಂಗ್ಲಿಷಿನಲ್ಲಿ ಹಸಿರು ಅನ್ನುವ ಪದವೇ ಅನುಭವ ಇಲ್ಲದವನು ಅನ್ನುವ ಅರ್ಥವನ್ನೂ ಹೊತ್ತಿದೆ. ಕನ್ನಡದಲ್ಲಿ ಹಸಿ, ಹಸಿರು ಎರಡಕ್ಕೂ ಒಂದೇ ಬೇರು. ಹಳಗನ್ನಡದಲ್ಲಿ ಪಸಿ, ಪಸುರ್ ಅಂತಿದ್ದವು. ಎಳೆಗೂಸಿಗೆ ಹಸುಳೆ, ಹಸುಗೂಸು ಅನ್ನುತ್ತೇವಲ್ಲ, ಅದೂ ಇದೇ ಮನೆಯ ಪದ. ಇನ್ನು ತುಂಬಾ ವಯಸ್ಸಾದವರಿಗೆ ಏನನ್ನುತ್ತೇವೆ? ಹಣ್ಣು ಹಣ್ಣು ಮುದುಕ. "ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತಿತ್ತು" ಅನ್ನುವ ಗಾದೆ ನಮ್ಮಲ್ಲೇ ಇದೆ. ವಯಸ್ಸನ್ನು ಎಲೆಯ ಬಣ್ಣದಿಂದ, ಕಾಯಿ ಹಣ್ಣಿನ ಹದದಿಂದ ಅಳೆಯುವುದು ನಮಗೆ ಹೊಸದೇನಲ್ಲ. ಅದಕ್ಕೇ ನಾನು ಮಕ್ಕಳಿಗೆ "ಯೌವನ" ಅಂತ ಹೇಳಿಕೊಡುವ ಬದಲು "ಹಸಿ" ಅಂತ ಹೇಳಿಕೊಡಿ ಅನ್ನುವುದು. ಆ ಒಂದು ಪದ ಮನಸ್ಸಲ್ಲಿದ್ದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ.

ಹಂತ 3: ತಿಳಿದವರು ಬಳಸಿದ್ದನ್ನು ಗಮನಿಸಿ

ಈ ಮಾತನ್ನು ತುಂಬಾ ಚೆನ್ನಾಗಿ ಬಳಸಿದ್ದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಅವರದು.

1947ರ ಏಪ್ರಿಲ್ 21ಕ್ಕೆ ಅವರಿಗೆ 21 ವರ್ಷ ತುಂಬಿತು. ಆಗಿನ್ನೂ ರಾಜಕುಮಾರಿ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಿಂದ ರೇಡಿಯೊದಲ್ಲಿ ಮಾತಾಡಿ, ತನ್ನ ಬದುಕು ದೀರ್ಘವಾಗಿರಲಿ, ಚಿಕ್ಕದಾಗಿರಲಿ, ಅದನ್ನೆಲ್ಲ ಜನರ ಸೇವೆಗೆ ಮುಡಿಪಿಡುತ್ತೇನೆ ಅಂತ ಪ್ರತಿಜ್ಞೆ ಮಾಡಿದರು. 1952ರಲ್ಲಿ ಪಟ್ಟಕ್ಕೆ ಬಂದರು. 1977ರಲ್ಲಿ ಇಪ್ಪತ್ತೈದು ವರ್ಷದ ಬೆಳ್ಳಿಹಬ್ಬ. ಲಂಡನ್ನಿನ ಗಿಲ್ಡ್‌ಹಾಲಿನಲ್ಲಿ ಮಾತಾಡುತ್ತಾ ಆ ಹಳೆಯ ಪ್ರತಿಜ್ಞೆಯನ್ನು ನೆನೆದರು. ಅದನ್ನು ನಾನು ಮಾಡಿದ್ದು ನನ್ನ ಸ್ಯಾಲಡ್ ಡೇಸ್‌ನಲ್ಲಿ, ಬುದ್ಧಿ ಇನ್ನೂ ಹಸಿಯಾಗಿದ್ದಾಗ. ಆದರೂ ಅದರ ಒಂದೇ ಒಂದು ಪದಕ್ಕೂ ನಾನು ಪಶ್ಚಾತ್ತಾಪ ಪಡುವುದಿಲ್ಲ, ಒಂದೇ ಒಂದು ಪದವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಅಂದರು.

ನನಗೆ ಈ ಮಾತು ತುಂಬಾ ಇಷ್ಟ. ಕ್ಲಿಯೋಪಾತ್ರ ಇದೇ ಪದಗಳನ್ನು ಹೇಳಿ ತನ್ನ ಹಳೆಯ ಮಾತಿನಿಂದ ಜಾರಿಕೊಂಡಳು. ಎಲಿಜಬೆತ್ ಅದೇ ಪದಗಳನ್ನು ಹೇಳಿ ತನ್ನ ಹಳೆಯ ಮಾತಿಗೆ ಅಂಟಿಕೊಂಡರು. ಇನ್ನೊಂದು ಸಂಗತಿಯೂ ಇದೆ. ಇತಿಹಾಸದ ಕ್ಲಿಯೋಪಾತ್ರ ಹುಟ್ಟಿದ್ದು ಕ್ರಿಸ್ತಪೂರ್ವ 69ರಲ್ಲಿ, ಸೀಸರನನ್ನು ಕಂಡಿದ್ದು ಕ್ರಿಸ್ತಪೂರ್ವ 48ರಲ್ಲಿ. ಅವಳಿಗೂ ಆಗ ಸುಮಾರು ಇಪ್ಪತ್ತೊಂದೇ. ಆ ವಯಸ್ಸಲ್ಲಿ ಆಡಿದ ಮಾತಿಗೆ ಇಬ್ಬರು ರಾಣಿಯರು ಮುಂದೆ ಕೊಟ್ಟ ಉತ್ತರ ಎಷ್ಟು ಬೇರೆ ಬೇರೆ!

ರಾಣಿಯ ಭಾಷಣದಿಂದ ಕಲಿಯಬೇಕಾದ ತಂತ್ರ ಒಂದಿದೆ. ಸ್ಯಾಲಡ್ ಡೇಸ್ ಅಂದ ಮೇಲೆ ಕೇಳುವವರು "ಹಾಗಾದರೆ ಈಗ?" ಅಂತ ಕಾಯುತ್ತಾರೆ. ಆಗ ಹೀಗಿದ್ದೆ, ಈಗ ಹೀಗಿದ್ದೇನೆ ಅನ್ನುವ ಇನ್ನೊಂದು ಅರ್ಧ ಬಂದಾಗ ವಾಕ್ಯಕ್ಕೆ ತೂಕ ಬರುತ್ತದೆ. ನೀವು ಬಳಸುವಾಗಲೂ ಆ ಇನ್ನೊಂದು ಅರ್ಧವನ್ನು ಬಿಡಬೇಡಿ.

ಹಂತ 4: ಎರಡನೇ ಅರ್ಥವನ್ನೂ ಗುರುತಿಸಿ

ಷೇಕ್ಸ್‌ಪಿಯರ್ ಬರೆದ ಮೇಲೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಈ ಮಾತು ಅಷ್ಟಾಗಿ ಓಡಾಡಲಿಲ್ಲ. 19ನೇ ಶತಮಾನದಲ್ಲಿ ಜನರ ಬಾಯಿಗೆ ಬಂತು. ಬಳಕೆ ಹೆಚ್ಚಾದ ಹಾಗೆ ಅರ್ಥವೂ ಜಾರಿತು. ಮುಖ್ಯವಾಗಿ ಅಮೆರಿಕದಲ್ಲಿ, ಒಬ್ಬ ವ್ಯಕ್ತಿ ಅಥವಾ ಸಂಸ್ಥೆ ಅರಳುತ್ತಿದ್ದ ಒಳ್ಳೆಯ ಕಾಲ ಅನ್ನುವ ಅರ್ಥದಲ್ಲೂ ಬಳಸುತ್ತಾರೆ. "ದ ಸ್ಯಾಲಡ್ ಡೇಸ್ ಆಫ್ ರೇಡಿಯೊ" ಅಂದರೆ ರೇಡಿಯೊಗೆ ಬುದ್ಧಿ ಇರಲಿಲ್ಲ ಅಂತಲ್ಲ, ರೇಡಿಯೊ ಹೊಸದಾಗಿ ಮೆರೆಯುತ್ತಿದ್ದ ಕಾಲ ಅಂತ. ಮೆರಿಯಮ್ ವೆಬ್‌ಸ್ಟರ್ ನಿಘಂಟು ಎರಡೂ ಅರ್ಥ ಕೊಡುತ್ತದೆ.

ಓದುವಾಗ ಯಾವುದು ಅಂತ ಹೇಗೆ ತಿಳಿಯುವುದು? ಸುತ್ತಲಿನ ಸಾಲು ನೋಡಿ. ತಪ್ಪು, ಪೆದ್ದುತನ, ಯಾರನ್ನೋ ನಂಬಿ ಮೋಸಹೋಗಿದ್ದು ಇಂಥದ್ದೇನಾದರೂ ಇದ್ದರೆ ಹಳೆಯ ಅರ್ಥ. ದುಡ್ಡು, ಹೆಸರು, ಗೆಲುವಿನ ಮಾತಿದ್ದರೆ ಹೊಸ ಅರ್ಥ. ಬರೆಯುವಾಗ ನೀವು ಹಳೆಯ ಅರ್ಥವನ್ನೇ ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ. ಹೊಸ ಅರ್ಥಕ್ಕೆ "ಹೇಡೇ" ಅನ್ನುವ ಒಳ್ಳೆಯ ಪದ ಇಂಗ್ಲಿಷಿನಲ್ಲಿ ಇದ್ದೇ ಇದೆ.

ಅರ್ಥ ತಿಳಿಯದೇ ಈ ಮಾತನ್ನು ಬಳಸುವುದರ ಬಗ್ಗೆ ತುಂಬಾ ಹಿಂದೆಯೇ ಸಿಟ್ಟಾದವರು ಎಚ್. ಡಬ್ಲ್ಯೂ. ಫೌಲರ್. ಇಂಗ್ಲಿಷ್ ಬಳಕೆಯ ಬಗ್ಗೆ 1926ರಲ್ಲಿ ಬಂದ ಅವರ ಹೆಸರಾಂತ ಕೈಪಿಡಿಯಲ್ಲಿ, ಸೊಪ್ಪು ಹಸಿಯಾಗಿರುವುದಕ್ಕೆ ಈ ಹೋಲಿಕೆಯಾ, ಅದರ ರುಚಿಗಾಗಿಯಾ ಅಂತ ಬಳಸುವವರಲ್ಲಿ ಬಹಳ ಜನಕ್ಕೆ ಹೇಳಲು ಬರಲಿಕ್ಕಿಲ್ಲ, ಹಾಗಿದ್ದರೆ ಇದು ಮನುಷ್ಯರಿಗಿಂತ ಗಿಳಿಗಳ ಬಾಯಿಗೇ ಸರಿ ಅನ್ನುವ ಅರ್ಥ ಬರುವಂತೆ ಬರೆದರು. ನಮ್ಮಲ್ಲೂ ಅದಕ್ಕೆ ಗಿಳಿಪಾಠ ಅಂತಲೇ ಅನ್ನುವುದು. ಆ ಜೆರಾಕ್ಸ್ ಹಾಳೆ ನೋಡಿದಾಗ ನನಗೆ ಫೌಲರ್ ನೆನಪಾದರು.

ಹಂತ 5: ವಾಕ್ಯ ಕಟ್ಟಿ

ಈಗ ಕೈಗೆ ಪೆನ್ನು ತೆಗೆದುಕೊಳ್ಳಿ.

ಮೊದಲು ಉಚ್ಚಾರ. ನಾವು "ಸಲಾಡ್" ಅಂತ ಎರಡನೇ ಅಕ್ಷರ ಎಳೆಯುತ್ತೇವೆ. ಇಂಗ್ಲಿಷಿನಲ್ಲಿ ಒತ್ತು ಮೊದಲ ಅಕ್ಷರದ ಮೇಲೆ: ಸ್ಯಾಲಡ್. ಅಡುಗೆಮನೆಯಲ್ಲಿ ಸಲಾಡ್ ಅಂತಲೇ ಅನ್ನಿ, ಯಾವ ತೊಂದರೆಯೂ ಇಲ್ಲ. ಈ ನುಡಿಗಟ್ಟಿಗೆ ಮಾತ್ರ ಸ್ಯಾಲಡ್ ಅನ್ನಿ.

"ಡೇಸ್" ಯಾವಾಗಲೂ ಬಹುವಚನ. "ಸ್ಯಾಲಡ್ ಡೇ" ಅಂದರೆ ಇವತ್ತು ಬರೀ ಸೊಪ್ಪು ತಿನ್ನುವ ದಿನ ಅನ್ನಿಸಿಬಿಡುತ್ತದೆ. ಹಾಗೆಯೇ "ಸ್ಯಾಲಡ್ ಇಯರ್ಸ್" ಅಂತ ಬದಲಾಯಿಸುವಂತಿಲ್ಲ. ನುಡಿಗಟ್ಟು ಅಚ್ಚುಬೆಲ್ಲದ ಹಾಗೆ, ಬಂದ ಆಕಾರದಲ್ಲೇ ಇರಬೇಕು.

ಮನುಷ್ಯರ ಬಗ್ಗೆ ಹೇಳುವಾಗ ನುಡಿಗಟ್ಟಿಗೆ ಮೊದಲು ಮೈ, ಅವರ್, ಹಿಸ್, ಹರ್, ದೇರ್ ಇಂಥದ್ದೊಂದು ಬರಬೇಕು. ಯಾರ ದಿನಗಳು ಅಂತ ಗೊತ್ತಾಗಬೇಕಲ್ಲ. ಅದಕ್ಕೂ ಮೊದಲು ಸಾಮಾನ್ಯವಾಗಿ ಇನ್, ಡ್ಯೂರಿಂಗ್ ಅಥವಾ ಬ್ಯಾಕ್ ಇನ್. ಕ್ರಿಯಾಪದ ಕಳೆದುಹೋದ ಕಾಲದ್ದು.

"ಇನ್ ಮೈ ಸ್ಯಾಲಡ್ ಡೇಸ್, ಐ ಲೆಂಟ್ ಮನಿ ಟು ಎವ್ರಿಒನ್ ಹು ಆಸ್ಕ್ಡ್." ಎಳಸಾಗಿದ್ದಾಗ ಕೇಳಿದವರಿಗೆಲ್ಲ ಸಾಲ ಕೊಟ್ಟುಬಿಡುತ್ತಿದ್ದೆ. ಓದುವವರಿಗೆ ಮುಂದಿನ ಅರ್ಧ ಹೇಳದೇ ತಿಳಿಯುತ್ತದೆ: ಈಗ ಕೊಡುವುದಿಲ್ಲ.

"ಬ್ಯಾಕ್ ಇನ್ ಅವರ್ ಸ್ಯಾಲಡ್ ಡೇಸ್, ವಿ ಥಾಟ್ ಒನ್ ಸ್ಟ್ರೀಟ್ ಪ್ಲೇ ವುಡ್ ಚೇಂಜ್ ದ ಹೋಲ್ ಟೌನ್." ಕಾಲೇಜಿನ ದಿನಗಳಲ್ಲಿ ಬೀದಿ ನಾಟಕ ಆಡಿದವರು ಇಪ್ಪತ್ತು ವರ್ಷದ ನಂತರ ಸೇರಿದಾಗ ಹೇಳಿಕೊಳ್ಳುವ ಮಾತು. ಇಲ್ಲಿ ಪೆದ್ದುತನ ಇದೆ, ಅದರ ಮೇಲೆ ಪ್ರೀತಿಯೂ ಇದೆ. ನನ್ನ ಪ್ರಕಾರ ಈ ನುಡಿಗಟ್ಟಿಗೆ ಅತ್ಯಂತ ಒಪ್ಪುವ ಭಾವ ಇದೇ. ಬರೀ ಬೈಯಲು ಇದು ತೀರಾ ಮೆದು, ಬರೀ ಹೊಗಳಲು ತೀರಾ ಹಸಿ.

"ಶಿ ಸೈನ್ಡ್ ದ ಕಾಂಟ್ರಾಕ್ಟ್ ಇನ್ ಹರ್ ಸ್ಯಾಲಡ್ ಡೇಸ್." ತಿಳಿವಳಿಕೆ ಬರುವ ಮೊದಲೇ ಸಹಿ ಹಾಕಿಬಿಟ್ಟಳು. ಮುಂದೆ ಪಾಪ ಏನೋ ಆಯಿತು ಅನ್ನುವ ಸೂಚನೆ ವಾಕ್ಯದಲ್ಲೇ ಇದೆ.

ಬರೆದಾದ ಮೇಲೆ ಒಂದು ಪರೀಕ್ಷೆ ಮಾಡಿ. ಸ್ಯಾಲಡ್ ಡೇಸ್ ಇರುವ ಕಡೆ "ನಾನಿನ್ನೂ ಹಸಿಯಾಗಿದ್ದಾಗ" ಅಂತ ಇಟ್ಟು ಓದಿ. ಅರ್ಥ ಕೂಡಿದರೆ ವಾಕ್ಯ ಸರಿ. "ನಾನು ಚಿಕ್ಕವನಾಗಿದ್ದಾಗ" ಅಂತ ಇಟ್ಟರೆ ಮಾತ್ರ ಕೂಡುತ್ತದೆ ಅಂತಾದರೆ ನಿಮಗೆ ಬೇಕಿರುವುದು ಸುಮ್ನೆ "ವೆನ್ ಐ ವಾಸ್ ಯಂಗ್".

ಹಂತ 6: ಎಲ್ಲಿ ಬೇಡ ಅಂತ ತಿಳಿಯಿರಿ

ಅರ್ಜಿ, ರೆಸ್ಯೂಮೆ, ಇಂಟರ್‌ವ್ಯೂ ಈ ಮೂರರಲ್ಲಿ ಬೇಡ. ಕಾರಣ ಮೇಲೆಯೇ ಹೇಳಿದೆ.

ಈಗ ನಡೆಯುತ್ತಿರುವ ವಯಸ್ಸಿಗೆ ಬೇಡ. ಹಸಿಯಾಗಿರುವವನಿಗೆ ತಾನು ಹಸಿ ಅಂತ ಗೊತ್ತಿರುವುದಿಲ್ಲ. ದಾಟಿದ ಮೇಲೆ ತಿರುಗಿ ನೋಡಿದಾಗಲೇ ಈ ಮಾತು ಬಾಯಿಗೆ ಬರುವುದು. ಹದಿನೆಂಟರ ಹುಡುಗನಿಗೆ "ಎಂಜಾಯ್ ಯುವರ್ ಸ್ಯಾಲಡ್ ಡೇಸ್" ಅಂತ ಹಾರೈಸುವುದನ್ನು ಅಲ್ಲಲ್ಲಿ ನೋಡುತ್ತೇವೆ. ಎರಡನೇ ಅರ್ಥದಲ್ಲಿ ಅದು ಹೇಗೋ ನಡೆಯುತ್ತದೆ, ಆದರೆ ಚೆನ್ನಾಗಿ ಇಂಗ್ಲಿಷ್ ಓದಿದವರ ಕಿವಿಗೆ ಸ್ವಲ್ಪ ತೊಡಕಾಗುತ್ತದೆ.

ಚಿಕ್ಕ ಮಕ್ಕಳ ಬಾಲ್ಯಕ್ಕೂ ಬೇಡ. ಒಂದನೇ ಕ್ಲಾಸಿನಲ್ಲಿ ಬಳಪ ತಿಂದದ್ದು ಸ್ಯಾಲಡ್ ಡೇಸ್ ಅಲ್ಲ. ಸ್ವಂತ ತೀರ್ಮಾನ ತೆಗೆದುಕೊಳ್ಳುವಷ್ಟು ದೊಡ್ಡವರಾಗಿರಬೇಕು, ಆ ತೀರ್ಮಾನ ಬಲಿತಿರಬಾರದು. ಹೆಚ್ಚುಕಡಿಮೆ ಪಿಯುಸಿಯಿಂದ ಮೊದಲ ಕೆಲಸದ ಒಂದೆರಡು ವರ್ಷದವರೆಗಿನ ಕಾಲ ಅಂತ ಇಟ್ಟುಕೊಳ್ಳಿ.

ಹಿರಿಯರಿಗೆ, ಮೇಲಧಿಕಾರಿಗೆ "ಇನ್ ಯುವರ್ ಸ್ಯಾಲಡ್ ಡೇಸ್, ಸರ್" ಅಂತ ಎದುರಿಗೆ ಹೇಳುವುದಂತೂ ಬೇಡವೇ ಬೇಡ. ನೀವು ಗೌರವದಿಂದ ಹೇಳಿದರೂ "ನಿಮಗೆ ಬುದ್ಧಿ ಬರುವ ಮೊದಲು" ಅಂತ ಅವರಿಗೆ ಕೇಳಿಸಬಹುದು. ತನ್ನ ಬಗ್ಗೆ ತಾನೇ ಹೇಳಿಕೊಂಡರೆ ವಿನಯ, ಬೇರೆಯವರ ಬಗ್ಗೆ ಹೇಳಿದರೆ ಅಳತೆ ಮಾಡಿದ ಹಾಗೆ.

ದಿನನಿತ್ಯದ ಮಾತಿನಲ್ಲಿ ಇದು ಕೊಂಚ ಹಳೆಯ ಕಾಲದ, ಪುಸ್ತಕದ ಮಾತು. ಪ್ರಬಂಧದಲ್ಲಿ, ನೆನಪಿನ ಬರಹದಲ್ಲಿ, ಬೀಳ್ಕೊಡುಗೆಯ ಭಾಷಣದಲ್ಲಿ ಚೆಂದ. ಆಫೀಸಿನ ಈಮೇಲಿನಲ್ಲಿ ಅಲ್ಲ. ಒಂದು ಬರಹಕ್ಕೆ ಒಂದೇ ಸಲ ಸಾಕು.

ಇನ್ನೊಂದು ಎಚ್ಚರ. ಇಂಗ್ಲಿಷ್ ಪತ್ರಿಕೆಯ ಅಡುಗೆ ಪುಟದಲ್ಲಿ "ಸ್ಯಾಲಡ್ ಡೇಸ್" ಅನ್ನುವ ತಲೆಬರಹ ಕಂಡರೆ ಕೆಳಗೆ ಇರುವುದು ನಿಜವಾದ ಸಲಾಡಿನ ರೆಸಿಪಿಯೇ ಆಗಿರಬಹುದು. ಪದದ ಆಟ ಅದು.

ಹಂತ 7: ಅಕ್ಕಪಕ್ಕದ ಮಾತುಗಳ ಜೊತೆ ಕಲಸಬೇಡಿ

ಪ್ರಾಯದ ಬಗ್ಗೆ ಇಂಗ್ಲಿಷಿನಲ್ಲಿ ಇನ್ನೂ ಹಲವು ಮಾತುಗಳಿವೆ. ಜಾಸ್ತಿ ಗೊಂದಲ ಮಾಡುವ ಮೂರನ್ನು ಮಾತ್ರ ಹೇಳುತ್ತೇನೆ.

"ವೆಟ್ ಬಿಹೈಂಡ್ ದ ಇಯರ್ಸ್." ಕಿವಿಯ ಹಿಂದೆ ಇನ್ನೂ ಒದ್ದೆ. ಕರು ಹಾಕುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಸು ನೆಕ್ಕಿ ನೆಕ್ಕಿ ಮೈ ಒಣಗಿಸುತ್ತದೆ, ಕರು ಕಾಲೂರಿ ನಿಲ್ಲಲು ನೋಡುತ್ತಿರುತ್ತದೆ, ಕಿವಿಯ ಸಂದಿಯಲ್ಲಿ ಮಾತ್ರ ಇನ್ನೂ ತೇವ. ಕೆಲಸಕ್ಕೆ ಹೊಸದಾಗಿ ಬಂದು ಏನೂ ತಿಳಿಯದವನಿಗೆ ಹೀಗನ್ನುತ್ತಾರೆ. ಇದು ಈಗಿನ ಸ್ಥಿತಿಗೆ ಹೇಳುವ ಮಾತು, ಹೆಚ್ಚಾಗಿ ಬೇರೆಯವರ ಬಗ್ಗೆ, ಸ್ವಲ್ಪ ಹಗುರವಾಗಿ. ಸ್ಯಾಲಡ್ ಡೇಸ್‌ನಲ್ಲಿರುವ ಹಿಂದಿನ ನೆನಪಿನ ಮೆದುತನ ಇದರಲ್ಲಿಲ್ಲ.

"ನೋ ಸ್ಪ್ರಿಂಗ್ ಚಿಕನ್." ವಸಂತದಲ್ಲಿ ಹುಟ್ಟಿದ ಎಳೆ ಕೋಳಿಯಲ್ಲ, ಅಂದರೆ ವಯಸ್ಸಾಗಿದೆ. ಇದು ಹೆಚ್ಚುಕಡಿಮೆ ಯಾವಾಗಲೂ "ಅಲ್ಲ" ಅನ್ನುವ ರೂಪದಲ್ಲೇ ಬರುತ್ತದೆ. ಹೆಂಗಸರ ಬಗ್ಗೆ ಹೇಳಿದರೆ ಒರಟು.

"ಸೋ ವೈಲ್ಡ್ ಓಟ್ಸ್." ಕಾಡು ಓಟ್ಸ್ ಅನ್ನುವುದು ಹೊಲದ ಕಳೆ. ಒಳ್ಳೆಯ ಬೀಜದ ಬದಲು ಕಳೆ ಬಿತ್ತುವುದು ಅಂದರೆ ಪ್ರಾಯದಲ್ಲಿ ದಾರಿತಪ್ಪಿ ತಿರುಗುವುದು, ಮುಖ್ಯವಾಗಿ ಹೆಣ್ಣುಗಳ ಸಹವಾಸದ ವಿಷಯದಲ್ಲಿ. ಕ್ಲಾಸಿನಲ್ಲಿ, ಮನೆಯವರ ಮುಂದೆ ಬಳಸಬೇಡಿ. ಸ್ಯಾಲಡ್ ಡೇಸ್‌ನಲ್ಲಿ ಎಳೆತನ ಇದೆ, ಇದರಲ್ಲಿ ಚಪಲ ಇದೆ.

ಹಂತ 8: ಕನ್ನಡಕ್ಕೆ ತರುವಾಗ

ಒಮ್ಮೆ ಇಂಗ್ಲಿಷ್ ಸರಣಿಯೊಂದರ ಕನ್ನಡ ಸಬ್‌ಟೈಟಲಿನಲ್ಲಿ "ನನ್ನ ಸಲಾಡ್ ದಿನಗಳಲ್ಲಿ" ಅಂತ ಓದಿದೆ. ಪರದೆಯ ಮೇಲಿದ್ದ ಮುದುಕ ಕಣ್ಣು ಒದ್ದೆ ಮಾಡಿಕೊಂಡು ತನ್ನ ಮೊದಲ ಪ್ರೀತಿಯ ಬಗ್ಗೆ ಹೇಳುತ್ತಿದ್ದ. ಕನ್ನಡದಲ್ಲಿ ಓದುತ್ತಿದ್ದವರಿಗೆ ಅವನು ಆಗ ಪಥ್ಯದಲ್ಲಿದ್ದ ಅನ್ನಿಸಿರಬೇಕು. ನಮ್ಮ ಭಾಷೆಯಲ್ಲಿ ಇಷ್ಟೊಂದು ಮಾತುಗಳಿರುವಾಗ ಹೀಗಾಗುವುದು ನೋವಿನ ಸಂಗತಿ.

ಅಡುಗೆಯ ಹೋಲಿಕೆಯನ್ನು ಬಿಟ್ಟುಬಿಡಿ, ಭಾವವನ್ನು ಹಿಡಿಯಿರಿ. ತಪ್ಪಿನ ಮಾತಾಗಿದ್ದರೆ "ಬುದ್ಧಿ ಬಲಿಯದ ವಯಸ್ಸಲ್ಲಿ", "ನಾನಿನ್ನೂ ಎಳಸಾಗಿದ್ದಾಗ", "ಆಗಿನ ಹುಡುಗುಬುದ್ಧಿ". ನೆನಪಿನ ಸವಿ ಜಾಸ್ತಿ ಇದ್ದರೆ "ಆ ಹುಡುಗಾಟದ ದಿನಗಳಲ್ಲಿ". ಗಂಡಸಿನ ಮಾತಾದರೆ "ಮೀಸೆ ಚಿಗುರುವ ವಯಸ್ಸಲ್ಲಿ" ತುಂಬಾ ಚೆನ್ನಾಗಿ ಹೊಂದುತ್ತದೆ. ಅದರಲ್ಲಿ ಚಿಗುರು ಇದೆ, ಹಸಿರು ತಾನಾಗಿ ಬರುತ್ತದೆ. ಎರಡನೇ ಅರ್ಥವಾಗಿದ್ದರೆ, ಅಂದರೆ ಸಂಸ್ಥೆಯೋ ಕಲೆಯೋ ಮೆರೆದ ಕಾಲವಾಗಿದ್ದರೆ, "ಸುಗ್ಗಿಯ ಕಾಲ" ಅನ್ನಬಹುದು.

ಒಂದು ಕಡೆ ಜಾಗ್ರತೆ. ಹಸಿ ಅನ್ನುವ ಪದ ನನಗೆ ಎಷ್ಟೇ ಇಷ್ಟವಾದರೂ "ಹಸಿಬಿಸಿ" ಅಂತ ಮಾಡಿಬಿಡಬೇಡಿ. ಹಸಿಬಿಸಿ ದಿನಗಳು ಅಂದರೆ ಕನ್ನಡದ ಓದುಗರು ಬೇರೆಯೇ ಕತೆಗೆ ಕಾಯುತ್ತಾರೆ.

ಹಂತ 9: ನೀವೇ ಪರೀಕ್ಷಿಸಿ

ಕೆಳಗಿನ ಮೂರು ಸಾಲು ಓದಿ, ಯಾವುದು ಸರಿ ಅಂತ ಯೋಚಿಸಿ.

"ಮೈ ಡಾಟರ್ ಈಸ್ ಫೋರ್, ಶಿ ಈಸ್ ಇನ್ ಹರ್ ಸ್ಯಾಲಡ್ ಡೇಸ್." ತಪ್ಪು. ನಾಲ್ಕು ವರ್ಷದ ಮಗು, ಜೊತೆಗೆ ಈಗಿನ ಮಾತು.

"ಇನ್ ಮೈ ಸ್ಯಾಲಡ್ ಡೇ ಐ ಯೂಸ್ಡ್ ಟು ವೇಕ್ ಅಪ್ ಅಟ್ ಫೈವ್." ಇದೂ ಸರಿಯಿಲ್ಲ. "ಡೇ" ಏಕವಚನವಾಗಿದೆ, ಅದನ್ನು ತಿದ್ದಿದರೂ ಐದಕ್ಕೆ ಏಳುವುದಕ್ಕೂ ಎಳೆಬುದ್ಧಿಗೂ ಸಂಬಂಧವಿಲ್ಲ. ಹಸಿ ಅನ್ನುವ ಪದ ಇಟ್ಟು ಓದಿದರೆ ಅರ್ಥ ಕೂಡುವುದಿಲ್ಲ.

ಮೂರನೇ ಸಾಲು ಆ ಹುಡುಗಿಯದು. ಅರ್ಜಿಯಲ್ಲಿದ್ದ ವಾಕ್ಯವನ್ನು ಅವತ್ತೇ ಹೊಡೆದುಹಾಕಿ, ಈ ಕೆಲಸಕ್ಕೆ ನಾನು ಹೊಸಬಳು, ಕಲಿಯಲು ತಯಾರಿದ್ದೇನೆ ಅಂತ ನೇರವಾಗಿ ಬರೆದಳು. ಮುಂದಿನ ವಾರ ಅಭ್ಯಾಸಕ್ಕೆ ಅಂತ ಅಪ್ಪನ ಬಗ್ಗೆ ಒಂದು ಪುಟ ಬರೆದು ತಂದಳು. ಅದರ ಮೊದಲ ಸಾಲು: "ಇನ್ ಹಿಸ್ ಸ್ಯಾಲಡ್ ಡೇಸ್, ಮೈ ಫಾದರ್ ಬಾಟ್ ಎ ಸೆಕೆಂಡ್ ಹ್ಯಾಂಡ್ ಸ್ಕೂಟರ್ ವಿತೌಟ್ ಚೆಕಿಂಗ್ ದ ಬ್ರೇಕ್ಸ್."

"ಅಪ್ಪನ ಬಗ್ಗೆ ಹೀಗೆ ಬರೆದಿದ್ದೀಯಲ್ಲ, ಅವರಿಗೆ ಬೇಜಾರಾಗಲ್ವಾ?" ಅಂತ ಕೇಳಿದೆ.

"ಇಲ್ಲ ಮೇಡಂ, ನೆಂಟರು ಬಂದಾಗೆಲ್ಲ ಅವರೇ ಈ ಕತೆ ಹೇಳ್ತಾರೆ. ನಾನು ಅವರಿಗೆ ಓದಿ ತೋರಿಸಿಯೇ ತಂದಿದ್ದು."

ಆ ಸಾಲಿನ ಪಕ್ಕ ಸರಿ ಗುರುತು ಹಾಕಿ, ಸ್ಕೂಟರ್ ಇಳಿಜಾರಿನಲ್ಲಿ ಏನಾಯಿತು ಅಂತ ತಿಳಿಯಲು ಮುಂದಿನ ಸಾಲಿಗೆ ಹೋದೆ.